ಕಾವಿಗೆ ಮುನಿಯುವ ಅಂಬಾಸಡರ್

ಮುಂಜಾನೆ ಒಂದೇ ಸೆಲ್ಫಿಗೆ ಎಚ್ಚರಗೊಳ್ಳುವ ಹಳೆಯ ಅಂಬಾಸಡರ್, ಆಗುಂಬೆಯ ಘಾಟಿ ಹತ್ತಿ ಬಂದು ಕಾಫಿಗೆಂದು ಹತ್ತು ನಿಮಿಷ ನಿಂತಿತೆಂದರೆ ಮತ್ತೆ ಅಲುಗಲೊಲ್ಲದು. ಹಿಂದಿನ ಸೀಟಿನಲ್ಲಿ ಮಕ್ಕಳು ಬೆವರುತ್ತಾರೆ. ಯಜಮಾನರು ಆಕ್ಸಿಲರೇಟರನ್ನು ತುಳಿದೇ ತುಳಿಯುತ್ತಾರೆ. ಕೊನೆಗೆ ಬ್ಯಾಟರಿಯೂ ಸೋಲುತ್ತದೆ. ಇಷ್ಟಕ್ಕೇ ಬೇಸತ್ತು, ಗಾಡಿಗೆ ವಯಸ್ಸಾಯಿತೆಂದು ಮಾರಿದವರುಂಟು.

ದೋಷ ವಯಸ್ಸಿನದಲ್ಲ, ಕಾವಿನದು. 2014ರಲ್ಲಿ ತಯಾರಿಕೆ ನಿಂತ ಈ ಗಾಡಿಯ ಹಳೆಯ ಪೆಟ್ರೋಲ್ ಮಾದರಿಗಳಲ್ಲಿ ಕಾರ್ಬ್ಯುರೇಟರು ಹೊಗೆಕೊಳವೆಯ ಮಗ್ಗುಲಲ್ಲೇ ಇದೆ. ಎಂಜಿನ್ ನಿಂತೊಡನೆ ಫ್ಯಾನೂ ನೀರಿನ ಸಂಚಾರವೂ ನಿಲ್ಲುವುದರಿಂದ, ಒಳಗಿನ ಕಾವು ಕೆಲವು ನಿಮಿಷ ಇಳಿಯುವ ಬದಲು ಏರುತ್ತದೆ. ಪೆಟ್ರೋಲಿನ ಹಗುರ ಅಂಶಗಳೋ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ.

ಮೊದಲು ಮೂಗಿನ ಮಾತು ಕೇಳಬೇಕು. ಬಾನೆಟ್ ತೆರೆದಾಗ ಪೆಟ್ರೋಲಿನ ವಾಸನೆ ಘಾಟಾಗಿ ಬಂದರೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿದೆಯೆಂದೇ ಅರ್ಥ. ಆಗ ಚೋಕ್ ಎಳೆಯಲೇಬಾರದು. ಸೋರಿಕೆಯಿಲ್ಲವೆಂದು ನೋಡಿಕೊಂಡು, ಘಾಟು ಆರಿದ ಮೇಲೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಕೊಡಬೇಕು. ವಾಸನೆಯೇ ಇಲ್ಲದಿದ್ದರೆ ಪೆಟ್ರೋಲ್ ಪಂಪಿನಲ್ಲಿ ಆವಿ ಕಟ್ಟಿರುವ ಸಂಭವ ಹೆಚ್ಚು. ಅದರ ಮೇಲೆ ಒದ್ದೆಬಟ್ಟೆ ಹೊದಿಸಿ ಕಾಲು ಗಂಟೆ ಕಾಯುವುದು ಹಳೆಯ ಡ್ರೈವರುಗಳ ಉಪಾಯ. ಪ್ಲಗ್ಗಿನಲ್ಲಿ ಕಿಡಿಯೇ ಬಾರದಿದ್ದರೆ ಕಾಯಿಲನ್ನು ಶಂಕಿಸಬೇಕು: ಬಿಸಿಯಲ್ಲಿ ಸತ್ತು, ತಣ್ಣಗಾದೊಡನೆ ಬದುಕುವ ಕಪಟಿ ಅದು. ಪೆಟ್ರೋಲಿನ ಘಾಟಿರುವಾಗ ಮಾತ್ರ ಕಿಡಿಯ ಪರೀಕ್ಷೆ ಸರ್ವಥಾ ಕೂಡದು.

ಇನ್ನು ಊರಿಗೆ ಮರಳಿದ ಮೇಲಿನ ಚಿಕಿತ್ಸೆ: ಕಾರ್ಬ್ಯುರೇಟರಿನ ಬುಡಕ್ಕೆ ಶಾಖ ತಡೆಯುವ ದಪ್ಪ ಪ್ಯಾಕಿಂಗು, ಪೆಟ್ರೋಲ್ ಕೊಳವೆಗೆ ಕಾವಿನಿಂದ ದೂರದ ದಾರಿ, ಸವೆದ ನೀಡಲ್ ವಾಲ್ವಿಗೆ ಬದಲು ಹೊಸದು.