ಅವರವರ ಅಂಕಿತ

ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳ ನೋಡಲು ಮೆಟ್ಟಿಲಿಳಿಯಬೇಕು. ಸುತ್ತ ನಾರಾಯಣಪುರ ಜಲಾಶಯದ ಹಿನ್ನೀರು. ನಡುವೆ ಬಾವಿಯಂತೆ ಎತ್ತರಿಸಿದ ಗೋಡೆ, ತಳದಲ್ಲಿ ಪುಟ್ಟ ಮಂಟಪ. ಅಲ್ಲಿ ನಿಂತಾಗಲೆಲ್ಲ ನನಗೆ ಹೊಳೆಯುವ ಪ್ರಶ್ನೆ: ಸಮಾಜವನ್ನೇ ಬುಡಮೇಲು ಮಾಡಹೊರಟ ಚಳವಳಿಗೆ ಎಂಥ ನಾಯಕ ಬೇಕು?

ಎದೆಗಾರಿಕೆ ಎನ್ನುತ್ತೇವೆ. ಅದು ಹಲಗಲಿಯ ಬೇಡರಿಗೆ ಧಾರಾಳವಾಗಿತ್ತು. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದರು. ಬ್ರಿಟಿಷರು ಊರು ಸುಟ್ಟರು, ಹಲವರನ್ನು ಗಲ್ಲಿಗೇರಿಸಿದರು. ಹನುಮ, ಬಾಲ, ಜಡಗ, ರಾಮ ಲಾವಣಿಯಲ್ಲಿ ಉಳಿದರು. ದಂಗೆಗೆ ಅಷ್ಟು ಸಾಕು. ಬದುಕಿನ ಕ್ರಮವನ್ನೇ ಬದಲಿಸುವ ಕೆಲಸಕ್ಕೆ ಸಾಲದು. ಅದಕ್ಕೆ, ಜೊತೆಗಿರುವವರು ತನ್ನ ನೆರಳಾಗದಂತೆ ನೋಡಿಕೊಳ್ಳುವ ಗುಣ ಬೇಕು. ಇದು ಎದೆಗಾರಿಕೆಗಿಂತ ಅಪರೂಪ.

ಬಸವಣ್ಣನವರು ಬಿಜ್ಜಳನ ಭಂಡಾರಿ. ಅಧಿಕಾರ, ಹಣ ಎರಡೂ ಕೈಯಲ್ಲಿದ್ದವು. ಆದರೂ ಶರಣರ ಸಭೆಯ ಅಧ್ಯಕ್ಷಪೀಠವಾದ ಶೂನ್ಯ ಸಿಂಹಾಸನವೇರಿದ್ದು ಅಲ್ಲಮಪ್ರಭು. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಂಕಿತದ, ಅಂದರೆ ವಚನದ ಕೊನೆಗೆ ಹಾಕುವ ಹೆಸರಿನ ಸಂಗತಿ. ಬಸವಣ್ಣನವರು ಕೂಡಲಸಂಗಮದೇವ ಎಂದರೆ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನ ಎಂದಳು. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ! ಆಯ್ದಕ್ಕಿ ಮಾರಯ್ಯನ ಕತೆ ಗೊತ್ತಲ್ಲ: ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವನು ಒಂದು ದಿನ ಸ್ವಲ್ಪ ಹೆಚ್ಚೇ ತಂದ. ಲಕ್ಕಮ್ಮ ಗಂಡನನ್ನು ಗದರಿಸಿ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳಂತೆ. ನಾಯಕನ ಮನೆಯ ಅಕ್ಕಿಯನ್ನೂ ಒಲ್ಲೆನೆನ್ನುವ ಹೆಣ್ಣುಮಗಳು ಇದ್ದಳಲ್ಲ, ಚಳವಳಿಯ ಗಟ್ಟಿತನ ಅಲ್ಲಿತ್ತು.

ಶರಣರಾದ ಹರಳಯ್ಯ, ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಯಿಂದ ಬಿಜ್ಜಳನ ರಾಜಧಾನಿ ಕಲ್ಯಾಣ ಕದಡಿತು. ಬಸವಣ್ಣನವರು ಸಂಗಮಕ್ಕೆ ಮರಳಿದರು. ಸೋತರು ಎನ್ನುವವರಿದ್ದಾರೆ. ಕಲ್ಯಾಣದಲ್ಲಿ ಸೋತದ್ದು ಹೌದು. ಆದರೆ ಚಳವಳಿ ಅಲ್ಲಿಗೆ ನಿಲ್ಲಲಿಲ್ಲ; ಚೆನ್ನಬಸವಣ್ಣ ಮತ್ತಿತರ ಶರಣರು ಉಳವಿಯತ್ತ ನಡೆದದ್ದು ಅವರಿಲ್ಲದೆಯೇ.

ಇಂಥದೇ ಗುಣ ಕಂಡದ್ದು ಪಕ್ಕದ ಇಳಕಲ್ಲಿನ ಮಠದ ಮಹಾಂತ ಶಿವಯೋಗಿಗಳಲ್ಲಿ; ಅವರು ನಮ್ಮ ಕಾಲದವರು. ಜೋಳಿಗೆ ಹಿಡಿದು ಊರೂರು ತಿರುಗಿದರು; ದುಡ್ಡು ಕಾಳು ಬೇಡ, ನಿಮ್ಮ ಚಟ ಹಾಕಿರಿ ಎಂದು ಕೇಳಿದರು. ಪೀಠದಲ್ಲಿ ಕೂತು ಅಪ್ಪಣೆ ಮಾಡಬಹುದಿತ್ತು. ಅಪ್ಪಣೆಗೆ ತಲೆಬಾಗಿ ಮನೆಗೆ ಬಂದು ಮತ್ತೆ ಕುಡಿಯಬಹುದು. ಜೋಳಿಗೆಗೆ ಹಾಕಿದ್ದನ್ನು ವಾಪಸು ತೆಗೆಯಲು ಈ ಕಡೆಯ ಮನುಷ್ಯನಿಗೆ ಕೈ ಬಾರದು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಬಾಗಲಕೋಟೆಯಲ್ಲೋ ಬಾದಾಮಿಯಲ್ಲೋ ಹೋರಾಟದ ಸಭೆಗೆ ಹೋದರೆ ಫ್ಲೆಕ್ಸಿನ ದೊಡ್ಡ ಮುಖ ನೋಡುತ್ತ ನಿಲ್ಲಬೇಡಿ. ಮೈಕು ಎಷ್ಟು ಜನರ ಕೈಗೆ ಹೋಗುತ್ತದೆ, ಎಣಿಸಿ.