ಕರುವಿಗೆ ಹೇಳಿಯೇ ಹೊರಟಳು

ಗೋವಿನ ಹಾಡನ್ನು ನಾವು ಹುಲಿಯ ಕಡೆಯಿಂದಲೇ ಓದುತ್ತ ಬಂದಿದ್ದೇವೆ. ಕರುವನ್ನು ನೋಡಿ ಬರುತ್ತೇನೆಂದು ಹುಲಿಗೆ ಕೊಟ್ಟ ಮಾತಿಗೆ ತಪ್ಪದ ಹಸು ಪುಣ್ಯಕೋಟಿ, ಆ ಸತ್ಯಕ್ಕೆ ಸೋತ ಹುಲಿ. ಶಾಲೆಯಲ್ಲಿ ಕಲಿಸಿದ್ದೂ ಅದನ್ನೇ, ವಾರ್ಷಿಕೋತ್ಸವದಲ್ಲಿ ನಾಟಕ ಆಡಿಸಿದ್ದೂ ಅದನ್ನೇ. ಆದರೆ ಆ ಹಾಡಿನಲ್ಲಿ ಇನ್ನೊಂದು ಸತ್ಯವಿದೆ, ಅದು ಕರುವಿಗೆ ಹೇಳಿದ್ದು. ದೊಡ್ಡಿಗೆ ಮರಳಿದ ಪುಣ್ಯಕೋಟಿ ಕರುವಿಗೆ ಹಾಲೂಡಿಸಿ, ಅದರ ಕಣ್ಣು ಹತ್ತಿದ ಮೇಲೆ ಸದ್ದಿಲ್ಲದೆ ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆ, ಯಾಕೆ ಹೋಗುತ್ತಿದ್ದೇನೆ ಎಂದು ಹೇಳಿದಳು. ಇನ್ನು ತನಗೆ ಹಾಲು ಕೊಡುವವರು ಯಾರು, ಜೊತೆಗಿರುವವರು ಯಾರು ಎಂದು ಕರು ಗೋಳಿಟ್ಟದ್ದನ್ನು ಪೂರ್ತಿ ಕೇಳಿಸಿಕೊಂಡಳು. ಉಳಿದ ಹಸುಗಳನ್ನು ಕರೆದು, ಇದು ನಿಮ್ಮದೇ ಮಗು ಎಂದು ಒಪ್ಪಿಸಿದಳು. ಆಮೇಲೆ ಹೊರಟಳು.

ಜೂನ್ ಮೊದಲ ವಾರ ನಮ್ಮ ನರ್ಸರಿ, ಎಲ್‌ಕೆಜಿ, ಅಂಗನವಾಡಿಗಳ ಬಾಗಿಲಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ‘ಅಲ್ನೋಡು ಗುಬ್ಬಚ್ಚಿ’ ಎಂದು ಮಗುವಿನ ಮುಖ ಆಚೆ ತಿರುಗಿಸಿ ಅಪ್ಪ ಈಚೆ ಮಾಯವಾಗುತ್ತಾನೆ. ‘ಅಮ್ಮ ಇಲ್ಲೇ ಹೊರಗಡೆ ಕೂತಿದಾರೆ’ ಎನ್ನುತ್ತಾರೆ ಟೀಚರ್. ಅಷ್ಟು ಹೊತ್ತಿಗೆ ಅಮ್ಮ ಬಸ್ ಹತ್ತಿ ಆಗಿರುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಹೇಗಾದರೂ ಅಳು ನಿಲ್ಲಿಸಬೇಕು, ಅಷ್ಟೇ. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಅಳು ನಿಲ್ಲುತ್ತದೆ ಕೂಡ. ‘ಈಗ ಸೆಟ್ ಆಗಿದಾನೆ, ಮೇಡಂ’ ಎಂಬ ಸಮಾಧಾನದ ಮಾತು ಕೇಳಿ ಮನೆಯವರು ನಿಟ್ಟುಸಿರು ಬಿಡುತ್ತಾರೆ.

ಸುಮ್ಮನಾದ ಮಗು ಸಮಾಧಾನಗೊಂಡ ಮಗುವೇ ಆಗಿರಬೇಕಿಲ್ಲ ಎಂದು ಲೋಕಕ್ಕೆ ತೋರಿಸಿಕೊಟ್ಟವರು ಜೇಮ್ಸ್ ರಾಬರ್ಟ್‌ಸನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಲಂಡನ್ನಿನಲ್ಲಿ ಮಕ್ಕಳ ಮನೋವಿಶ್ಲೇಷಕಿ ಆನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುನಿಲಯದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಮಕ್ಕಳ ವರ್ತನೆಯಲ್ಲಿ ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕೆಂಬ ಅಲ್ಲಿನ ನಿಯಮ ಬಾಯ್ಲರಿನವನಿಗೂ ಅನ್ವಯಿಸುತ್ತಿತ್ತು. ಮುಂದೆ ಮನೋವೈದ್ಯ ಜಾನ್ ಬೌಲ್ಬಿಯ ಜೊತೆ ಕೆಲಸಕ್ಕೆ ಸೇರಿದ ರಾಬರ್ಟ್‌ಸನ್, ಆಸ್ಪತ್ರೆ ಸೇರಿದ ಎರಡೂವರೆ ವರ್ಷದ ಹುಡುಗಿಯೊಬ್ಬಳ ಎಂಟು ದಿನಗಳನ್ನು ಚಿತ್ರೀಕರಿಸಿದರು. ತಂದೆತಾಯಿ ದಿನವಿಡೀ ಜೊತೆಗಿರಲು ಆಗ ಬ್ರಿಟನ್ನಿನ ಬಹುತೇಕ ಆಸ್ಪತ್ರೆಗಳಲ್ಲಿ ಅವಕಾಶವಿರಲಿಲ್ಲ. 1952ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ರಂಪಾಟವೇನೂ ಇಲ್ಲ. ಹುಡುಗಿ ಬಹುಪಾಲು ಹೊತ್ತು ತಡೆದುಕೊಂಡೇ ಇರುತ್ತಾಳೆ. ನಡುನಡುವೆ ಅಮ್ಮ ಎಲ್ಲಿ ಎಂದು ಕೇಳುತ್ತಾಳೆ. ಅಮ್ಮ ಬಂದಾಗ ಮುಖ ತಿರುಗಿಸುತ್ತಾಳೆ. ಮನೆಗೆ ಹೊರಡುವ ದಿನ ಅಮ್ಮ ಚಾಚಿದ ಕೈಯನ್ನು ಹಿಡಿಯುವುದಿಲ್ಲ.

ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ನಂಟನ್ನೇ ಸಡಿಲಿಸಿಕೊಳ್ಳುವುದು: ಅಗಲಿಕೆಗೆ ಮಗು ಸ್ಪಂದಿಸುವ ಮೂರು ಹಂತಗಳನ್ನು ರಾಬರ್ಟ್‌ಸನ್ ಮತ್ತು ಬೌಲ್ಬಿ ಗುರುತಿಸಿದರು. ಎರಡನೆಯದನ್ನೂ ಮೂರನೆಯದನ್ನೂ ‘ಹೊಂದಿಕೊಂಡಿತು’ ಎಂದು ದೊಡ್ಡವರು ಓದಿಕೊಳ್ಳುತ್ತಾರೆ ಎಂಬುದೇ ಅವರ ತಕರಾರು. ವೈದ್ಯರು ಮೊದಮೊದಲು ಚಿತ್ರದ ಮೇಲೆ ಹರಿಹಾಯ್ದರು. ಆದರೆ 1959ರಲ್ಲಿ, ಆಸ್ಪತ್ರೆ ಸೇರಿದ ಮಕ್ಕಳ ಯೋಗಕ್ಷೇಮ ಪರಿಶೀಲಿಸಿದ ಬ್ರಿಟನ್ನಿನ ಪ್ಲಾಟ್ ಸಮಿತಿಯ ವರದಿ, ತಂದೆತಾಯಿಗೆ ವಾರ್ಡಿನ ಬಾಗಿಲು ತೆರೆದಿರಬೇಕೆಂದು ಶಿಫಾರಸು ಮಾಡಿತು.

ದಿನಕ್ಕೆ ನಾಲ್ಕು ತಾಸಿನ ನರ್ಸರಿ ಆಸ್ಪತ್ರೆಯಲ್ಲ, ನಿಜ. ಅಗಲಿಕೆಯೇ ತಪ್ಪು ಎನ್ನುವುದೂ ನನ್ನ ವಾದವಲ್ಲ. ಅಗಲದೆ ಯಾರೂ ಬೆಳೆಯುವುದಿಲ್ಲ. ಹೇಳದೆ ಹೋಗುವುದು ಮಾತ್ರ ಮಗುವಿಗೆ ಬೇರೆಯದೇ ಪಾಠ ಕಲಿಸುತ್ತದೆ. ಕಣ್ಣು ಮಿಟುಕಿಸಿದರೆ ಅಮ್ಮ ಇಲ್ಲವಾಗಬಹುದು ಎಂದು ಕಲಿತ ಮಗು, ಮನೆಯಲ್ಲಿ ಬಚ್ಚಲಮನೆಯ ಬಾಗಿಲಿಗೂ ಅಂಟಿಕೊಂಡು ನಿಲ್ಲುತ್ತದೆ. ಆಗ ನಾವೇ ಅದನ್ನು ಅಳುಮುಂಜಿ, ಹಟಮಾರಿ ಎಂದು ಕರೆಯುತ್ತೇವೆ.

ದೊಡ್ಡವರ ಮಾತನ್ನು ನಂಬಬಹುದೇ ಎಂಬ ಈ ಪಾಠ ಮಗುವಿನ ಸಂಯಮಕ್ಕೂ ತಾಗುತ್ತದೆ. ಸಂಯಮದ ಮಾತು ಬಂದಾಗ ಎಲ್ಲರೂ ಸ್ಟ್ಯಾನ್‌ಫರ್ಡಿನ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರ ಮಿಠಾಯಿ ಪ್ರಯೋಗವನ್ನು ನೆನೆಯುತ್ತಾರೆ. ಒಂದು ಮಿಠಾಯಿ ಈಗಲೇ ತಿನ್ನಬಹುದು, ಕಾದರೆ ಎರಡು. ಕಾದ ಮಕ್ಕಳು ಮುಂದೆ ಉದ್ಧಾರವಾದರು ಎಂಬ ಕತೆ ಪೇರೆಂಟಿಂಗ್ ಭಾಷಣಗಳಲ್ಲಿ ಸವೆದುಹೋಗಿದೆ. ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಅಮೆರಿಕದ ರಾಚೆಸ್ಟರಿನಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗ ಅಷ್ಟು ಪ್ರಚಾರ ಪಡೆಯಲಿಲ್ಲ. ಮೂರರಿಂದ ಐದು ವರ್ಷದ 28 ಮಕ್ಕಳು. ಮಿಠಾಯಿಗೆ ಮೊದಲು ಚಿತ್ರ ಬಿಡಿಸುವ ಕೆಲಸ. ಸ್ವಲ್ಪ ಕಾದರೆ ಇನ್ನೂ ಒಳ್ಳೆಯ ಬಣ್ಣ, ಸ್ಟಿಕ್ಕರು ತಂದುಕೊಡುವುದಾಗಿ ಎಲ್ಲರಿಗೂ ಮಾತು ಕೊಟ್ಟರು. ಅರ್ಧದಷ್ಟು ಮಕ್ಕಳಿಗೆ ಹೇಳಿದಂತೆ ತಂದುಕೊಟ್ಟರು, ಉಳಿದವರಿಗೆ ಬರಿಗೈಯಲ್ಲಿ ಬಂದು ‘ಸಾರಿ, ಇಲ್ಲ’ ಎಂದರು. ಆಮೇಲೆ ಮಿಠಾಯಿ ಇಟ್ಟರು. ಮಾತು ನಡೆಸಿಕೊಂಡದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದವು, ಮೋಸಹೋದವು 3 ನಿಮಿಷ. ಹದಿನೈದು ನಿಮಿಷ ಪೂರ್ತಿ ಕಾದವರು ಮೊದಲ ಗುಂಪಿನ 14ರಲ್ಲಿ ಒಂಬತ್ತು ಮಂದಿ, ಎರಡನೆಯದರಲ್ಲಿ ಒಬ್ಬರೇ.

ಹಾಗಾದರೆ ನಾವು ತಾಳ್ಮೆ ಎನ್ನುವುದರಲ್ಲಿ ಮಗುವಿನ ಗುಣ ಎಷ್ಟು, ಎದುರಿಗಿರುವ ದೊಡ್ಡವರ ಮಾತಿನ ಬೆಲೆ ಎಷ್ಟು? ಕೊಟ್ಟ ಮಾತು ಉಳಿಯದ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ತಕ್ಷಣ ಬಾಯಿಗೆ ಹಾಕಿಕೊಳ್ಳುವುದು ಅವಿವೇಕವಲ್ಲ, ಲೆಕ್ಕ ಬಲ್ಲವರ ನಡೆ.

ತುಮಕೂರು ಕಡೆಯ ಅಂಗನವಾಡಿಯೊಂದರಲ್ಲಿ ಇದನ್ನು ಯಾವ ಪ್ರಯೋಗವೂ ಇಲ್ಲದೆ ಅರಿತಿದ್ದ ಕಾರ್ಯಕರ್ತೆಯೊಬ್ಬರನ್ನು ನೋಡಿದೆ. ಮೂರು ವರ್ಷದ ಹುಡುಗ ಬಾಗಿಲ ಸರಳು ಹಿಡಿದು ಅಳುತ್ತಿದ್ದ. ಆಕೆ ಕೈ ಬಿಡಿಸಲು ಹೋಗಲಿಲ್ಲ. ಅವನ ಪಕ್ಕ ನೆಲದ ಮೇಲೆ ಕೂತು, ‘ಅಜ್ಜಿ ಬೇಕು ಅನಿಸ್ತಿದೆ ಅಲ್ವೇನಪ್ಪ? ಅಜ್ಜಿ ಹೊಲಕ್ಕೋದ್ರು. ನೀನು ಉಂಡು, ಮಲ್ಕೊಂಡು ಎದ್ದ ಮೇಲೆ ಬರ್ತಾರೆ’ ಎಂದರು. ಅಷ್ಟು ಹೇಳಿ ಅಜ್ಜಿ ಬಿಟ್ಟುಹೋಗಿದ್ದ ಎಲೆಅಡಿಕೆ ಚೀಲವನ್ನು ಅವನ ಕೈಗಿತ್ತರು. ಎರಡು ಎಲೆ, ಒಂದಿಷ್ಟು ಅಡಿಕೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಚೀಲವನ್ನು ಬಿಟ್ಟುಹೋಗುವಂತೆ ಅಜ್ಜಿಗೆ ಹೇಳಿಕೊಟ್ಟಿದ್ದು ಕೂಡ ಅವರೇ. ಆ ಚೀಲವಿಲ್ಲದೆ ಅಜ್ಜಿಯ ದಿನ ಸಾಗದೆಂದು ಹುಡುಗನಿಗೆ ಚೆನ್ನಾಗಿ ಗೊತ್ತು. ಚೀಲಕ್ಕಾಗಿಯಾದರೂ ಬಂದೇ ಬರಬೇಕು. ಅವನ ಅಳು ಒಮ್ಮೆಲೇ ನಿಲ್ಲಲಿಲ್ಲ. ಬಿಕ್ಕುತ್ತಲೇ ಚೀಲದ ದಾರ ಎಳೆದು ಸುಣ್ಣದ ಡಬ್ಬಿ ತೆಗೆದ, ಮುಚ್ಚಿದ, ಮತ್ತೆ ತೆಗೆದ.

ಮನೋವಿಜ್ಞಾನದ ಪುಸ್ತಕಗಳಲ್ಲಿ ಇವಕ್ಕೆಲ್ಲ ಹೆಸರುಗಳಿವೆ. ಮಗುವಿನ ಮನಸ್ಸಿನಲ್ಲಿ ಏಳುವುದನ್ನು ಮಾತಾಗಿಸಿ ಕೊಡುವುದು, ಮಗು ಅಮ್ಮನ ಬದಲಿಗೆ ಅಪ್ಪಿಕೊಳ್ಳುವ ವಸ್ತು ಎಂದು ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಬರೆದದ್ದು, ಎಲ್ಲ ಈ ಎರಡು ನಿಮಿಷದಲ್ಲಿತ್ತು. ಮುಖ್ಯವಾಗಿ ಆಕೆ ‘ನಾಲ್ಕು ಗಂಟೆಗೆ’ ಎನ್ನಲಿಲ್ಲ. ಮೂರು ವರ್ಷಕ್ಕೆ ಗಡಿಯಾರ ತಿಳಿಯದು. ಊಟ, ನಿದ್ದೆ, ಎಚ್ಚರ ತಿಳಿಯುತ್ತವೆ.

ಇದು ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ಸಂಗತಿ ಆಗಬೇಕಿಲ್ಲ. ಜರ್ಮನಿಯ ಶಿಶುವಿಹಾರಗಳಲ್ಲಿ ಬರ್ಲಿನ್ ಮಾದರಿ ಎಂಬ ಪದ್ಧತಿ ಇದೆ. ಮೊದಲ ಮೂರು ದಿನ ತಂದೆಯೋ ತಾಯಿಯೋ ಮಗುವಿನ ಜೊತೆ ಒಳಗೇ ಕೂರುತ್ತಾರೆ. ನಾಲ್ಕನೇ ದಿನ ಕೆಲವು ನಿಮಿಷದ ಅಗಲಿಕೆ, ಅದೂ ಹೇಳಿಯೇ. ಮಗು ಯಾರ ಮಡಿಲಲ್ಲಿ ಸಮಾಧಾನ ಪಡೆಯಬೇಕೋ ಆ ಒಬ್ಬ ಶಿಕ್ಷಕಿ ಬದಲಾಗುವುದಿಲ್ಲ. ಹೇಳಿ ಹೋದರೆ ಅಳು ಜಾಸ್ತಿ ಎಂದು ನಮ್ಮಲ್ಲಿ ಹಿರಿಯರು ಹೇಳುವುದು ನಿಜವೇ. ಆ ಕ್ಷಣಕ್ಕೆ ಜಾಸ್ತಿಯೇ. ಆದರೆ ಆ ಅಳುವಿಗೆ ಒಂದು ಕೊನೆಯಿದೆ. ಸಂಜೆ ಅಮ್ಮ ಬಂದಾಗ ಹೇಳಿದ ಮಾತು ನಿಜವಾಗುತ್ತದೆ, ನಾಳೆಯ ಅಳು ಅಷ್ಟು ಕಡಿಮೆಯಾಗುತ್ತದೆ.

‘ನಾವೆಲ್ಲ ಹಾಗೇ ಬೆಳೆದವರಲ್ವಾ?’ ಎಂಬ ಇನ್ನೊಂದು ಮಾತಿದೆ. ಬೆಳೆದೆವು. ಆಗ ಅಮ್ಮ ಹಿತ್ತಿಲ ಬಾಗಿಲಿಂದ ಜಾರಿಕೊಂಡರೂ ನಾವು ಉಳಿಯುತ್ತಿದ್ದುದು ಅಜ್ಜಿಯ, ಚಿಕ್ಕಮ್ಮನ, ಪಕ್ಕದ ಮನೆ ಅಕ್ಕನ ಕಂಕುಳಲ್ಲಿ. ಈಗ ಜಾರಿಕೊಂಡರೆ ಮಗು ಉಳಿಯುವುದು ಹೆಸರೂ ಗೊತ್ತಿಲ್ಲದವರ ನಡುವೆ.

ಮನೆಯೊಳಗೂ ಇದೇ ಕತೆ. ಉಣ್ಣದಿದ್ದರೆ ಗುಮ್ಮ, ಅತ್ತರೆ ಪೊಲೀಸು, ಹಟ ಮಾಡಿದರೆ ಡಾಕ್ಟರ ಇಂಜೆಕ್ಷನ್ನು. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ಯಶೋದೆಯನ್ನು ಬೇಡುವ ಪುರಂದರದಾಸರ ಕೀರ್ತನೆಯನ್ನು ನಾವು ತಲೆದೂಗಿ ಕೇಳುತ್ತೇವೆ. ಅದರ ಸೊಗಸಿರುವುದೇ ಜಗತ್ತನ್ನು ಕಾಯುವವನು ಹೆದರಿದಂತೆ ನಟಿಸುವುದರಲ್ಲಿ. ನಮ್ಮ ಮನೆಯ ಮಗು ನಟಿಸುತ್ತಿಲ್ಲ. ಜಾತ್ರೆಯಲ್ಲಿ ಕೈತಪ್ಪಿದರೆ ಅದು ಓಡಿಹೋಗಬೇಕಾದದ್ದು ಪೊಲೀಸರ ಹತ್ತಿರ, ಜ್ವರ ಬಂದರೆ ನಾಲಿಗೆ ತೋರಿಸಬೇಕಾದದ್ದು ಡಾಕ್ಟರಿಗೆ. ಇಬ್ಬರನ್ನೂ ನಾವೇ ಗುಮ್ಮ ಮಾಡಿಟ್ಟಿರುತ್ತೇವೆ. ಸೂಜಿ ಚುಚ್ಚುವಾಗ ‘ನೋವೇ ಆಗಲ್ಲ’ ಎನ್ನುವ ಬದಲು ‘ಚುರ್ ಅನ್ನುತ್ತೆ, ನನ್ನ ಕೈ ಗಟ್ಟಿಯಾಗಿ ಹಿಡ್ಕೊ’ ಎಂದರೆ ಸೂಜಿಯ ನೋವು ಉಳಿಯುತ್ತದೆ, ಮೋಸದ ನೋವು ತಪ್ಪುತ್ತದೆ.

ಏಳು ಗಂಟೆಯ ಗಾರ್ಮೆಂಟ್ಸ್ ಬಸ್ಸು ಹಿಡಿಯಬೇಕಾದ ತಾಯಿ ಬರ್ಲಿನ್ ಮಾದರಿಯಂತೆ ಮೂರು ದಿನ ನರ್ಸರಿಯಲ್ಲಿ ಕೂರಲಾರಳು. ಆಕೆಗೆ ಉಪದೇಶಕ್ಕಿಂತ ವ್ಯವಸ್ಥೆ ಬೇಕು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ವಿಧಿಸಿತು. ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಬಂದಿವೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ಇಷ್ಟು ದೂರ ಬಂದಿದೆ. ಮಗುವನ್ನು ನೋಡಿಕೊಳ್ಳುವವರಿಗೆ ಸಂಬಳ ಸಾಕಷ್ಟಿಲ್ಲದೆ ಅವರು ಆಗಾಗ ಬದಲಾಗುತ್ತಿದ್ದರೆ ಮಾತ್ರ ಕಾಯ್ದೆಯೂ ಏನೂ ಮಾಡಲಾರದು. ಎಳೆಯ ಮಗುವಿಗೆ ಕಟ್ಟಡಕ್ಕಿಂತ ಮುಖ ಮುಖ್ಯ, ನಿನ್ನೆ ಕಂಡ ಅದೇ ಮುಖ.

ಮುಂದಿನ ವರ್ಷ ಮಗುವನ್ನು ಶಾಲೆಗೆ ಸೇರಿಸುವವರು ಸ್ಮಾರ್ಟ್ ಬೋರ್ಡು, ಸ್ಪೋಕನ್ ಇಂಗ್ಲಿಷು ಎಲ್ಲ ವಿಚಾರಿಸಿ ಆದ ಮೇಲೆ ಇನ್ನೂ ಮೂರು ಪ್ರಶ್ನೆ ಕೇಳಬಹುದು. ನನ್ನ ಮಗು ಅತ್ತರೆ ಎತ್ತಿಕೊಳ್ಳುವವರು ಯಾರು? ಅವರು ಮುಂದಿನ ತಿಂಗಳೂ ಇಲ್ಲೇ ಇರುತ್ತಾರಾ? ಮೊದಲ ದಿನ ನಾನು ಒಳಗೆ ಕೂರಬಹುದಾ? ಮೂರಕ್ಕೂ ‘ಅದೆಲ್ಲ ನಮ್ಮ ಮೇಲೆ ಬಿಡಿ ಸರ್, ಎರಡು ದಿನ ಅತ್ತು ಸುಮ್ಮನಾಗ್ತಾರೆ’ ಎಂಬ ಉತ್ತರ ಬಂದರೆ, ಆ ಶಾಲೆಯ ಫಲಿತಾಂಶ ಎಷ್ಟೇ ಚೆನ್ನಾಗಿರಲಿ, ಇನ್ನೊಂದು ಶಾಲೆ ನೋಡುವುದು ಒಳ್ಳೆಯದು.