ಹಸಿರು ಟಿಕ್ ಬಂದರೆ ಆಧಾರ್ ಸಂಖ್ಯೆ ಸರಿಯಿದೆ ಎಂದರ್ಥವೇ?

‘ಈ ಲಿಂಕ್‌ನಲ್ಲಿ ಆಧಾರ್ ಸಂಖ್ಯೆ ಹಾಕಿ, ಹಸಿರು ಟಿಕ್ ಬಂದರೆ ಪಿಎಂ ಕಿಸಾನ್ ಹಣ ಖಚಿತ.’ ನವಲಗುಂದ, ಕುಂದಗೋಳದ ರೈತರ ವಾಟ್ಸ್ಆ್ಯಪ್ ಗ್ರೂಪಿಗೆ ಇಂಥ ಸಂದೇಶ ಬಂದರೆ ನಂಬಿಬಿಡುವುದು ಸುಲಭ. ಆದರೆ ಆ ಟಿಕ್ ನಿಜವಾಗಿ ಹೇಳುವುದೇನು? ನೋಡೋಣ.

ಮೊದಲನೆಯದು ರೂಪದ ಪರೀಕ್ಷೆ. ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಚಿಕ್ಕ ಸೂತ್ರ ಎರಡನ್ನೇ ನೋಡುತ್ತದೆ: 12 ಅಂಕಿ ಇವೆಯೇ? ಮೊದಲ ಅಂಕಿ 2ರಿಂದ 9ರೊಳಗಿದೆಯೇ? ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ. ಅವಸರದಲ್ಲಿ 6ರ ಬದಲು 8 ಒತ್ತಿದರೂ ಇಲ್ಲಿ ಪಾಸ್.

ಎರಡನೆಯದು ಲೆಕ್ಕದ ಪರೀಕ್ಷೆ. ಆಧಾರ್‌ನ ಕೊನೆಯ ಅಂಕಿಯನ್ನು ಮೊದಲ 11 ಅಂಕಿಗಳಿಂದ ಲೆಕ್ಕಹಾಕಿ ಇಟ್ಟಿರುತ್ತಾರೆ. ಡಚ್ ಗಣಿತಜ್ಞ ವೆರ್‌ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನವಿದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಇದು ಹಿಡಿಯುತ್ತದೆ. ಆದರೂ ಮನಸ್ಸಿಗೆ ಬಂದಂತೆ ಬರೆದ ಹತ್ತು ಸಂಖ್ಯೆಗಳಲ್ಲಿ ಸರಾಸರಿ ಒಂದು ಇದನ್ನೂ ದಾಟುತ್ತದೆ. ನೆರೆಮನೆಯವರ ಸಂಖ್ಯೆಯಂತೂ ಸಲೀಸಾಗಿ ದಾಟುತ್ತದೆ.

ಅಂದರೆ ಸಂಖ್ಯೆ ಯಾರದು, ಅದು ಯಾವ ಖಾತೆಗೆ ಜೋಡಣೆಯಾಗಿದೆ ಎಂಬುದು ಟಿಕ್‌ಗೆ ಗೊತ್ತೇ ಇಲ್ಲ. ಹಣ ಬರುವುದು ಆ ಜೋಡಣೆಯ ಮೇಲೆ. ಅದನ್ನು ಯುಐಡಿಎಐನ ಮೈಆಧಾರ್ ತಾಣದಲ್ಲಿ ಒಟಿಪಿ ಮೂಲಕ ನೋಡಬಹುದು, ಇಲ್ಲವೇ ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಕೇಳಬಹುದು.

ನಮ್ಮ ತೀರ್ಮಾನ: ಹಸಿರು ಟಿಕ್ ಇರುವುದು ಟೈಪಿಂಗ್ ತಪ್ಪು ಹಿಡಿಯಲು, ಅದು ಹಣದ ಭರವಸೆಯಲ್ಲ. ಅರ್ಜಿ ತುಂಬಿಸುವಾಗ ಸಂಖ್ಯೆಯನ್ನು ಕಾರ್ಡ್ ನೋಡಿ ಅಂಕಿ ಅಂಕಿ ಹೋಲಿಸಿ. ಅಪರಿಚಿತ ಲಿಂಕ್‌ನಲ್ಲಿ ಮಾತ್ರ ಹಾಕಬೇಡಿ, ಅದನ್ನು ಫಾರ್ವರ್ಡ್ ಕೂಡ ಮಾಡಬೇಡಿ.